ಒಂದು ದಿನ ನಿಂತು ಹೋಗಿ

ಗೋಕರ್ಣದಿಂದ ತೆಂಕಕ್ಕೂ, ಭಟ್ಕಳ–ಮುರ್ಡೇಶ್ವರದಿಂದ ಬಡಗಕ್ಕೂ ಬೆನ್ನಿಗೆ ಚೀಲ ಬಿಗಿದು ಕಡಲ ದಂಡೆ ನಡೆಯುವ ಚಾರಣಿಗರೇ,

ದೀಪಾವಳಿ ಕಳೆದು ಗಾಳಿ ತಣ್ಣಗಾದ ಮೇಲೆ ನೀವು ಬರತೊಡಗುತ್ತೀರಿ. ಬೆಂಗಳೂರಿನವರು ಹೆಚ್ಚು, ಹುಬ್ಬಳ್ಳಿ, ಪುಣೆ ಕಡೆಯವರೂ ಉಂಟು. ಶರಾವತಿಯ ತೆಂಕು ದಡದ ನಮ್ಮೂರು ಕಾಸರಕೋಡಿನ ಹೆದ್ದಾರಿ ಬದಿಯಲ್ಲಿ ಚೀಲ ಇಳಿಸುತ್ತೀರಿ. ನಾಲ್ಕು ಬಾಟಲಿ ನೀರು, ಎರಡು ಪೊಟ್ಟಣ ಬಿಸ್ಕಿಟ್, ಚಹಾ ಕುಡಿಯುವಷ್ಟು ಹೊತ್ತು ಮೊಬೈಲಿಗೆ ಕರೆಂಟು. ಅಷ್ಟಾಗುತ್ತಲೇ ಏಳುತ್ತೀರಿ. ಇಷ್ಟು ಬೇಗ ಹೊರಟಿರಾ ಎಂದು ಅಂಗಡಿಯವರು ಕೇಳಿದರೆ ಬರುವ ಉತ್ತರ ಒಂದೇ: ಟೈಮ್ ಇಲ್ಲ. ಬಸ್ಸಿನಲ್ಲಿ ಒಂದೆರಡು ತಾಸಿನಲ್ಲಿ ಮುಗಿಯುವ ದಾರಿಯನ್ನು ಬೇಕೆಂದೇ ನಡೆದು ಕ್ರಮಿಸುವವರಿಗೆ ಟೈಮ್ ಇಲ್ಲ ಎಂದರೆ ನಾವು ಏನು ತಿಳಿಯಬೇಕು?

ನನ್ನ ಕೋರಿಕೆ ಸಣ್ಣದು. ಇಲ್ಲಿ ಒಂದು ಇಡೀ ದಿನ ನಿಲ್ಲಿ. ಸಂಜೆ ಬನ್ನಿ, ಮಲಗಿ, ಮರುದಿನ ಪೂರ್ತಿ ಇರಿ, ಮತ್ತೆ ಮಲಗಿ, ಮೂರನೆಯ ದಿನ ಬೆಳಿಗ್ಗೆ ಹೊರಡಿ. ನಮ್ಮೂರಿನ ಮೇಲಿನ ಅಭಿಮಾನದಿಂದ ಹೀಗೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ಅಭಿಮಾನ ಇರುವುದು ನಿಜವಾದರೂ. ನಿಮ್ಮ ದಾರಿಯಲ್ಲಿ ತಂಗು ಎಲ್ಲಿ ಬೀಳಬೇಕೆಂಬುದನ್ನು ನದಿಗಳು ಎಂದೋ ತೀರ್ಮಾನಿಸಿಬಿಟ್ಟಿವೆ. ನಕ್ಷೆ ಬಿಡಿಸಿ ನೋಡಿ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ. ಘಟ್ಟದಿಂದ ಇಳಿದ ಒಂದೊಂದು ಹೊಳೆಯೂ ಮರಳಿನ ದಂಡೆಯನ್ನು ಕತ್ತರಿಸಿ ಕಡಲು ಸೇರುತ್ತದೆ. ನಡೆಯುವವನು ಅಳಿವೆ ಬಾಯಿಗೆ ಬಂದು ನಿಲ್ಲಲೇಬೇಕು. ದೋಣಿ ಬರಬೇಕು, ಭರತ ಇಳಿಯಬೇಕು, ಇಲ್ಲವೇ ಬೆಳಗಾಗಬೇಕು. ಗಂಗಾವಳಿ, ತದಡಿ, ಹೊನ್ನಾವರ ಎಲ್ಲವೂ ಅಳಿವೆಯ ಪಕ್ಕದ ಊರುಗಳು. ಜನ ಕಾಯುವ ಜಾಗದಲ್ಲಿ ಅನ್ನ ಬೇಯುತ್ತದೆ, ಅನ್ನ ಬೇಯುವ ಜಾಗದಲ್ಲಿ ಪೇಟೆ ಬೆಳೆಯುತ್ತದೆ.

ಸೇತುವೆಗಳು ಬಂದ ಮೇಲೆ ಈ ಕಾಯುವಿಕೆ ಹೋಯಿತು. ಹೆದ್ದಾರಿ ಸೇತುವೆಯ ಮೇಲೆ ಕಾರಿನಲ್ಲಿ ಬಂದವರಿಗೆ ಶರಾವತಿ ಎಂದರೆ ಕಿಟಕಿಯಾಚೆಗಿನ ಕೆಲವು ಕ್ಷಣ. ಕೊಂಕಣ ರೈಲಿನವರದ್ದೂ ಅದೇ ಕತೆ. 2 ಕಿಲೋಮೀಟರಿಗೂ ಉದ್ದವಿರುವ, ಆ ಮಾರ್ಗದಲ್ಲೇ ಅತಿ ಉದ್ದದ ಸೇತುವೆ ಇಲ್ಲಿದೆ. ಹೊಳೆ ನೋಡಲು ಬಾಗಿಲ ಬಳಿ ಎದ್ದು ಬರುವಷ್ಟರಲ್ಲಿ ದಾಟಿರುತ್ತದೆ. ಹೊಳೆಯೆದುರು ಇನ್ನೂ ಹಳೆಯ ಕಾಲದವರ ಹಾಗೆ ನಿಲ್ಲುವವರು ನೀವು ಮಾತ್ರ. ತೆಂಕಿನಿಂದ ಮರಳಿನ ಮೇಲೆ ಬಂದವರು ಟೊಂಕ ಎಂಬ ಮರಳುದಂಡೆಯ ತುದಿ ಮುಟ್ಟುತ್ತೀರಿ. ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಹೊಳೆ, ಎದುರು ದಡ ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಅಲ್ಲಿಂದ ಹಿಂದೆ ಬಂದು ಊರು ಬಳಸಿ ಸೇತುವೆ ಹತ್ತಬೇಕು. ಈಜಿ ದಾಟುತ್ತೇನೆ ಎಂಬ ಹುಮ್ಮಸ್ಸು ಯಾರಿಗೂ ಬೇಡ. ಅಳಿವೆಯ ಮರಳುದಿಬ್ಬ ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಹುಟ್ಟಿದಂದಿನಿಂದ ಇಲ್ಲೇ ದೋಣಿ ಓಡಿಸಿದವರಿಗೂ ಅಲ್ಲಿ ತಪ್ಪಿದೆ.

ನಿಮಗಿಂತ ಮೊದಲು ನಡೆದವರಲ್ಲಿ ಒಬ್ಬನ ಹೆಸರು ಹೇಳಲೇಬೇಕು. ಮೊರಾಕ್ಕೋದ ತಾಂಜಿಯರ್‌ನಿಂದ 1325ರಲ್ಲಿ ಹೊರಟ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ. ದೀರ್ಘ ದಾರಿಯ ಪಯಣಿಗರಲ್ಲಿ ಅವನಷ್ಟು ಕಣ್ಣು, ಬಾಯಿ, ಹೊಟ್ಟೆ ಮೂರನ್ನೂ ತೆರೆದಿಟ್ಟವನು ಕಡಿಮೆ. ಊರಿನಲ್ಲಿ ಗಂಡುಮಕ್ಕಳ ಶಾಲೆ 23, ಹೆಣ್ಣುಮಕ್ಕಳ ಶಾಲೆ 13 ಇದ್ದವೆಂದು ಬರೆದ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶಾಲೆಗಳಿದ್ದುದನ್ನು ಬೇರೆಲ್ಲೂ ಕಂಡಿಲ್ಲವೆಂಬ ಬೆರಗು ಅವನದು. ಇದನ್ನು ನಮ್ಮ ಕಡೆ ಭಾಷಣ ಮಾಡುವವರೆಲ್ಲ ಹೇಳುತ್ತಾರೆ. ನನಗೆ ಇಷ್ಟವಾಗುವುದು ಅವನು ಊಟದ ಬಗ್ಗೆ ಬರೆದದ್ದು. ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಪಂಕ್ತಿಯಲ್ಲಿ ತಾಮ್ರದ ತಟ್ಟೆಗೆ ಒಂದು ಸೌಟು ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಎಳೆಗಾಳುಮೆಣಸಿನ ಉಪ್ಪಿನಕಾಯಿ, ಹಸಿಶುಂಠಿ, ಉಪ್ಪಿಗೆ ಹಾಕಿದ ನಿಂಬೆ, ಮಾವು. ಅದು ಮುಗಿದರೆ ಮತ್ತೊಂದು ಸೌಟು ಅನ್ನ, ಕೋಳಿ. ಮತ್ತೊಂದು ಸೌಟು, ಮೀನು. ಆಮೇಲೆ ತರಕಾರಿ. ಕೊನೆಗೆ ಮೊಸರು. ಏಳುನೂರು ವರ್ಷ ಆಗುತ್ತ ಬಂತು. ಬಡಿಸುವ ಕ್ರಮದಲ್ಲಿ ನಮ್ಮ ಅಜ್ಜಿಯರು ತಿದ್ದುವಂಥದ್ದು ಅದರಲ್ಲಿ ಹೆಚ್ಚೇನೂ ಇಲ್ಲ.

ಮುಂದೆ ಇನ್ನೊಮ್ಮೆ ಅವನು ಇದೇ ಸುಲ್ತಾನನ ಬಳಿ ತಿಂಗಳುಗಟ್ಟಲೆ ಉಳಿದ. ಅಷ್ಟೂ ದಿನ ರೊಟ್ಟಿಯ ಮುಖ ಕಾಣಲಿಲ್ಲ, ಅನ್ನವೇ ಅನ್ನ ಎಂದು ಗೊಣಗಿದ್ದಾನೆ. ಆಮೇಲೆ ಮಲಬಾರು, ಮಾಲ್ದೀವು, ಸಿಂಹಳಗಳಲ್ಲೂ ಅನ್ನವೇ ಎದುರಾಗಿ, ಕಡೆಕಡೆಗೆ ನೀರು ಕುಡಿಯದೆ ತುತ್ತು ಇಳಿಯುತ್ತಿರಲಿಲ್ಲವಂತೆ. ಬೆಂಗಳೂರಿನಿಂದ ಹೊತ್ತು ತಂದ ನೂಡಲ್ಸನ್ನೇ ದಿನಾ ರಾತ್ರಿ ಕುದಿಸಿ ಬೇಸತ್ತ ನಿಮಗೆ ಅವನ ಗೋಳು ಅರ್ಥವಾದೀತು. ಆದರೆ ಒಂದು ವ್ಯತ್ಯಾಸ ಗಮನಿಸಿ. ಅವನಿಗೆ ಬೇಸರ ಬಂದದ್ದು ಊರಿನವರು ಬಡಿಸಿದ ಅನ್ನದಿಂದ. ನಿಮ್ಮ ಬೇಸರವನ್ನು ನೀವೇ ಮನೆಯಿಂದ ಹೊತ್ತು ತಂದಿದ್ದೀರಿ.

ಇಲ್ಲಿ ನಿಂತು ಹೋದವನು ಅವನೊಬ್ಬನೇ ಅಲ್ಲ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಲ್ಲಿ ಇಳಿದು, ಪಯಣದ ಏರ್ಪಾಡಾಗುವವರೆಗೆ ಕಾದು, ಆಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ ಘಟ್ಟ ಹತ್ತಿದ. 1801ರಲ್ಲಿ ಕಂಪನಿ ಸರ್ಕಾರಕ್ಕಾಗಿ ಸಮೀಕ್ಷೆಗೆ ಹೊರಟಿದ್ದ ಫ್ರಾನ್ಸಿಸ್ ಬುಕಾನನ್ ಭಟ್ಕಳದ ಕಡೆಯಿಂದ ಬಂದು, ಹಾಳಾಗಿದ್ದ ಹೊನ್ನಾವರ ನೋಡಿ, ಮಿರ್ಜಾನ್, ಗೋಕರ್ಣದ ದಾರಿ ಹಿಡಿದ. ನೀವು ನಡೆಯುವ ದಾರಿ ಹೆಚ್ಚುಕಡಿಮೆ ಅವನದೇ. ಅವನು ಎಲ್ಲಿ ತಂಗಿದರೂ ಅಕ್ಕಿ ಎಷ್ಟು, ತೆರಿಗೆ ಎಷ್ಟು, ತೆಂಗು ಎಷ್ಟು ಎಂದು ಜನರನ್ನು ಕೂರಿಸಿಕೊಂಡು ಕೇಳಿದ; ಕೇಳಿಸಿಕೊಂಡದ್ದೇ ಅವನ ಮೂರು ಸಂಪುಟವಾಯಿತು.

ಇಷ್ಟು ಸಾಕು. ಈಗ ನಿಮ್ಮ ಒಂದು ದಿನದ ವಿಚಾರ.

ಮೊದಲು ಕಾಲು. ಮರಳಿನಲ್ಲಿ ನಡೆದು, ನಡುನಡುವೆ ಜಂಬಿಟ್ಟಿಗೆಯ ಗುಡ್ಡ ಹತ್ತಿ ಇಳಿದು, ಉಪ್ಪುನೀರಿನಲ್ಲಿ ತೊಯ್ದ ಶೂ ಹಾಗೇ ಒಣಗಿಸಿಕೊಂಡ ಪಾದ ಹೇಗಿರುತ್ತದೆಂದು ನಮಗೆ ಗೊತ್ತು. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿ. ನಮ್ಮೂರಿನ ಇಕೋ ಬೀಚಿನಲ್ಲಿ ಸ್ನಾನಕ್ಕೆ, ಬಟ್ಟೆ ಬದಲಿಸಲು, ಶೌಚಕ್ಕೆ ವ್ಯವಸ್ಥೆ ಇದೆ. 2020ರ ಅಕ್ಟೋಬರಿನಲ್ಲಿ ದೇಶದ 8 ಕಡಲತೀರಗಳಿಗೆ ಒಟ್ಟಿಗೆ ಬ್ಲೂ ಫ್ಲ್ಯಾಗ್ ಸಿಕ್ಕಿದಾಗ ರಾಜ್ಯದಿಂದ ಪಡುಬಿದ್ರಿ ಮತ್ತು ಕಾಸರಕೋಡ ಎರಡೇ ಇದ್ದವು. ಡೆನ್ಮಾರ್ಕಿನ ಸಂಸ್ಥೆಯೊಂದು 33 ಮಾನದಂಡ ಇಟ್ಟು ಕೊಡುವ ಆ ನೀಲಿ ಬಾವುಟದ ಫೋಟೋ ತೆಗೆದು ಮುಂದೆ ಹೋಗುವವರೇ ಬಹಳ. ನಡೆದು ಬಂದವರಿಗೆ ಬಾವುಟಕ್ಕಿಂತ ನಲ್ಲಿ ದೊಡ್ಡದು.

ಒಡೆದ ಹಿಮ್ಮಡಿಗೆ ದುಬಾರಿ ಕ್ರೀಮು ಹುಡುಕಬೇಡಿ. ಮುರುಗಲು ತುಪ್ಪ ಕೇಳಿ. ಮುರುಗಲು ಹಣ್ಣಿನ ಬೀಜದಿಂದ ತೆಗೆದ ಬಿಳಿಯ ಗಟ್ಟಿ ಉಂಡೆ, ಬೆಂಕಿಗೆ ಹಿಡಿದರೆ ಕರಗುತ್ತದೆ. ರಾತ್ರಿ ಹಚ್ಚಿ ಹಳೆಯ ಕಾಲುಚೀಲ ಹಾಕಿ ಮಲಗಿ. ಬೊಕ್ಕೆ ಎದ್ದಿದ್ದರೆ ಮಾತ್ರ ಅದರ ಗೊಡವೆ ಬಿಟ್ಟು, ಒಣಗಲು ಹೊತ್ತು ಕೊಡಿ. ಔಷಧಿ ಬೇಕಾದರೆ ಹೊಳೆಯಾಚೆ ಹೊನ್ನಾವರದಲ್ಲಿ ತಾಲೂಕು ಆಸ್ಪತ್ರೆ ಇದೆ, ಅಂಗಡಿಗಳಿವೆ.

ಎರಡನೆಯದು ಹೊಟ್ಟೆ. ದಣಿದ ಸ್ನಾಯುಗಳಲ್ಲಿ ಖಾಲಿಯಾದ ಶಕ್ತಿಯ ದಾಸ್ತಾನು ಮತ್ತೆ ತುಂಬಲು, ಸರಿಯಾಗಿ ಉಂಡರೂ ಒಂದು ದಿನ ಬೇಕು ಎಂಬುದು ಕ್ರೀಡಾವೈದ್ಯರ ಲೆಕ್ಕ. ಅಂಗಡಿ ಮುಂದೆ ಕಳೆಯುವ ನಿಮ್ಮ ಅರ್ಧ ಗಂಟೆಗೆ ಅದು ಒಪ್ಪುವುದಿಲ್ಲ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಒಣಮೀನು: ಬೆವರಿನಲ್ಲಿ ಹೋದ ನೀರು, ಉಪ್ಪು ಎರಡೂ ಒಂದೇ ಬಟ್ಟಲಲ್ಲಿ ವಾಪಸು. ಮೀನು ತಿನ್ನದವರಿಗೆ ಅಪ್ಪೆಹುಳಿ, ತಂಬುಳಿ ಇವೆ. ಬಳಚೆಂಬ ಚಿಪ್ಪುಜೀವಿಯ ಪಲ್ಯ ಸಿಕ್ಕಿದರೆ ಅದು ಬಹುಶಃ ಅಘನಾಶಿನಿಯಿಂದ ಬಂದದ್ದು. ಶರಾವತಿಯ ಅಳಿವೆಯಲ್ಲಿ ಉಪ್ಪು ಕಡಿಮೆ. ಲಿಂಗನಮಕ್ಕಿಯಲ್ಲಿ ಹಿಡಿದಿಟ್ಟ ನೀರು ವಿದ್ಯುತ್ ಮಾಡಿ ಬೇಸಿಗೆಯಲ್ಲೂ ಹರಿದು ಬರುವುದರಿಂದ ಉಪ್ಪು ಬೇಡುವ ಚಿಪ್ಪುಜೀವಿಗಳು ಇಲ್ಲಿ ಸೊರಗಿದವು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅವು ಇನ್ನೂ ಹುಲುಸಾಗಿವೆ. ಎರಡೂ ಹೊಳೆ ದಾಟಿ ಬರುವ ನಿಮಗೆ ಬೆಂಗಳೂರಿನ ದೀಪಕ್ಕೂ ನಮ್ಮ ತಟ್ಟೆಗೂ ಇರುವ ಈ ಸಂಬಂಧ ತಿಳಿದಿರಲಿ.

ಮೂರನೆಯದು ಚೀಲ ತುಂಬುವುದು. ದಯವಿಟ್ಟು ಊರಿಂದ ಎಲ್ಲವನ್ನೂ ಹೊತ್ತು ತರಬೇಡಿ. ನಾಲ್ಕು ದಿನಕ್ಕಾಗುವಷ್ಟು ಸಾಮಾನು ಇಲ್ಲಿ ಸಿಗುತ್ತದೆ, ತೂಕವೂ ಕಡಿಮೆ. ದಪ್ಪ ಅವಲಕ್ಕಿ ಒಲೆ ಕೇಳುವುದಿಲ್ಲ. ನೀರು ಚಿಮುಕಿಸಿ ಬೆಲ್ಲ, ಕಾಯಿ ಹಾಕಿದರೆ ಮುಗಿಯಿತು. ಬೆಲ್ಲ ಅಚ್ಚಿನದ್ದೇ ಇರಲಿ. ಜೋನಿ ಬೆಲ್ಲದ ರುಚಿಗೆ ಸೋತು ಬಾಟಲಿ ತುಂಬಿಕೊಂಡು ಹೊರಟವರ ಸ್ಲೀಪಿಂಗ್ ಬ್ಯಾಗಿಗೆ ಇರುವೆ ಹತ್ತಿದ್ದನ್ನು ಕಂಡವರಿದ್ದಾರೆ. ಘಟ್ಟದ ಮೇಲಿನಿಂದ ಬರುವ ಸುಕೇಳಿ, ಅಂದರೆ ಒಣಗಿಸಿದ ಬಾಳೆಹಣ್ಣು, ನಿಮ್ಮ ಎನರ್ಜಿ ಬಾರಿಗಿಂತ ಅಗ್ಗ. ಹಲ್ಲಿಗೆ ಅಂಟುವುದೊಂದೇ ಅದರ ದೋಷ. ಮುರುಗಲು ಸಿಪ್ಪೆ ಒಂದು ಹಿಡಿ ಇಟ್ಟುಕೊಂಡರೆ ಬಾಟಲಿ ನೀರಿಗೆ ಹಾಕಿ ಉಪ್ಪು ಸೇರಿಸಿ ದಾರಿಯುದ್ದಕ್ಕೂ ಕುಡಿಯಬಹುದು. ಹುರಿದ ಒಣಸಿಗಡಿ ಚಟ್ನಿ ವಾರ ಕೆಡುವುದಿಲ್ಲ. ವಾಸನೆಗೆ ಜೊತೆಗಾರರ ಅನುಮತಿ ಪಡೆಯಿರಿ. ತೊಡದೇವು ಮಾತ್ರ ಇಲ್ಲೇ ತಿಂದು ಮುಗಿಸಿ, ಚೀಲಕ್ಕೆ ಹಾಕಿದರೆ ಪುಡಿಯೇ ಗತಿ.

ಬಡಗಕ್ಕೆ ಹೋಗುವವರು ಈರುಳ್ಳಿ ಕೊಳ್ಳುವ ಅವಸರ ಮಾಡಬೇಡಿ. ಬೇಸಿಗೆಯಾಗಿದ್ದರೆ ಕುಮಟಾದ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಜಡೆಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ಒಂದು ಜಡೆ ಮನೆಗೆ ಒಯ್ಯುವ ಆಸೆಯಾದರೆ ಕೊಂಡು ಅಲ್ಲಿಂದಲೇ ಬಸ್ಸಿಗೆ ಕೊಟ್ಟು ಕಳಿಸಿ, ಹೊತ್ತು ನಡೆಯಬೇಡಿ.

ಮುಂದಿನ ಹಂತದ ಸಾಮಾನನ್ನು ಮೊದಲೇ ಪಾರ್ಸೆಲ್ ಮಾಡಿ ಇಟ್ಟುಕೊಳ್ಳುವವರೂ ನಿಮ್ಮಲ್ಲಿದ್ದೀರಿ. ಒಳ್ಳೆಯ ಪದ್ಧತಿ. ಬಸ್ಸಿನ ಪಾರ್ಸೆಲ್ ಹೊನ್ನಾವರ ನಿಲ್ದಾಣಕ್ಕೆ ಬರುತ್ತದೆ. ಅಂಚೆಯಲ್ಲಾದರೆ ವಿಳಾಸದಲ್ಲಿ ಹೊನ್ನಾವರ ತಾಲೂಕು, ಉತ್ತರ ಕನ್ನಡ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಇಲ್ಲವಾದರೆ ನಿಮ್ಮ ಕಾಲುಚೀಲ ಕೇರಳದ ಕಾಸರಗೋಡಿನಲ್ಲಿ ಸುತ್ತಾಡಿಕೊಂಡು ಬರುತ್ತದೆ.

ಇನ್ನು ಮಲಗುವ ಜಾಗ. ಇಲ್ಲಿ ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ. ಟೊಂಕದ ಮರಳು ನಿಮಗೆ ಖಾಲಿ ಜಾಗದಂತೆ ಕಾಣುತ್ತದೆ. ಅದು ಖಾಲಿ ಇಲ್ಲ. ಮೀನು ಒಣಗಿಸುವ ಹೆಂಗಸರಿಗೆ ಅದು ಕೆಲಸದ ಅಂಗಳ. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಮಳೆಗಾಲದ ಅಡುಗೆಮನೆಗೆ ಬೇಕಾದ ಮೀನು ಚಳಿಗಾಲ, ಬೇಸಿಗೆಯ ಬಿಸಿಲಲ್ಲಿ ಇಲ್ಲೇ ಒಣಗಬೇಕು. ನೀವು ನಡೆಯುವ ತಿಂಗಳೂ ಅವರು ಒಣಗಿಸುವ ತಿಂಗಳೂ ಒಂದೇ. ಬಲೆಯ ಮೇಲೆ ಹರಡಿದ ಮೀನಿನ ನಡುವೆ ಶೂ ಹಾಕಿ ದಾಟಬೇಡಿ. ಈ ದಂಡೆಯಲ್ಲಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ, ಪೊಲೀಸರನ್ನೂ ಎದುರಿಸಿದ್ದಾರೆ. ಹೊಸಬರು ಮರಳಿನಲ್ಲಿ ಗೂಟ ಹೊಡೆಯುವುದನ್ನು ಕಂಡರೆ ಯಾರು, ಏಕೆ ಎಂದು ವಿಚಾರಿಸುತ್ತಾರೆ. ಸಿಡುಕಬೇಡಿ, ಉತ್ತರ ಹೇಳಿ. ಐದು ನಿಮಿಷ ಕುಳಿತು ಮಾತಾಡಿದರೆ ಇಡೀ ಕತೆ ಕೇಳಸಿಗುತ್ತದೆ. ನಿಮ್ಮ ಫೋನಿನಲ್ಲಿ ಅದು ಇಲ್ಲ.

ಮರಳಿಗೆ ಇನ್ನೊಬ್ಬ ಹಕ್ಕುದಾರರಿದ್ದಾರೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಇದೇ ಟೊಂಕದ ದಂಡೆಗೆ ಮೊಟ್ಟೆಯಿಡಲು ಹತ್ತುತ್ತವೆ. ಮೀನುಗಾರರೂ ಅರಣ್ಯ ಇಲಾಖೆಯವರೂ ಸೇರಿ ಗೂಡು ಗುರುತಿಸಿ ಬೇಲಿ ಕಟ್ಟಿ ಕಾಯುತ್ತಾರೆ. ಕಡಲಿನ ಮೇಲಿನ ಮಂದ ಬೆಳಕನ್ನು ನೋಡಿಕೊಂಡು ನೀರಿಗೆ ಓಡುವ ಮರಿಗಳು ನಿಮ್ಮ ಹೆಡ್‌ಲ್ಯಾಂಪನ್ನೋ ಶಿಬಿರದ ಬೆಂಕಿಯನ್ನೋ ಕಂಡರೆ ದಿಕ್ಕು ತಪ್ಪಿ ಊರಿನ ಕಡೆ ತಿರುಗುತ್ತವೆ. ಹಾಗಾಗಿ ಟೆಂಟು, ಬೆಂಕಿ, ಸ್ಪೀಕರು ಮೂರೂ ದಂಡೆಗೆ ಬೇಡ. ಊರೊಳಗೆ ಕೋಣೆಗಳಿವೆ, ಹೊನ್ನಾವರದಲ್ಲಿ ಲಾಡ್ಜುಗಳಿವೆ. ನಕ್ಷತ್ರ ನೋಡುತ್ತ ಮಲಗಬೇಕೆಂಬ ಹಟ ಇದ್ದವರು ಯಾರದಾದರೂ ತೆಂಗಿನ ತೋಟದಲ್ಲಿ ಕೇಳಿ ಜಾಗ ಪಡೆಯಿರಿ, ಕಾಯಿ ಬೀಳದ ಕಡೆ ನೋಡಿಕೊಂಡು.

ಕಾಲು ತಣ್ಣಗಾದ ಮೇಲೆ ಸುಮ್ಮನೆ ಕೂರಲಾಗದ ಜಾತಿ ನಿಮ್ಮದು ಎಂಬುದೂ ತಿಳಿದಿದೆ. ಕಾಂಡ್ಲಾ ಕಾಡಿನ ನಡುವೆ ಅರಣ್ಯ ಇಲಾಖೆ ಹಾಕಿದ ಹಲಗೆಯ ದಾರಿ ಇದೆ. ಇಳಿತದ ಹೊತ್ತಿಗೆ ಹೋದರೆ ಕೆಸರಿನಲ್ಲಿ ಏಡಿಗಳ ಸಂಸಾರ ಕಾಣುತ್ತದೆ. ಅಪ್ಸರಕೊಂಡದ ಜಲಪಾತಕ್ಕೆ ಸಂಜೆ ಹೋಗಿ ಬನ್ನಿ. ಆದರೆ ಕಾಲಿಗೆ ಶಕ್ತಿ ಇದ್ದರೆ ಒಂದು ರಾತ್ರಿ ಯಕ್ಷಗಾನಕ್ಕೆ ಇಡಿ. ಹತ್ತಿರದ ಗುಣವಂತೆ ಕೆರೆಮನೆಯವರ ಊರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ಅವರ ಮೊಮ್ಮಕ್ಕಳ ಕಾಲದಲ್ಲೂ ಗೆಜ್ಜೆಯ ಸದ್ದು ನಿಂತಿಲ್ಲ. ಚಳಿಗಾಲ ಮೇಳಗಳ ತಿರುಗಾಟದ ಕಾಲ. ಹಗಲು ನಿದ್ದೆ, ರಾತ್ರಿ ಆಟ, ಬೆಳಿಗ್ಗೆ ಪೆಟ್ಟಿಗೆ ಕಟ್ಟಿ ಮುಂದಿನ ಊರು. ಕಲಾವಿದರು ತಿಂಗಳುಗಟ್ಟಲೆ ಹೀಗೇ ಬದುಕುತ್ತಾರೆ. ಚೌಕಿಯಲ್ಲಿ ಬಣ್ಣ ತೆಗೆಯುತ್ತಿರುವ ಹಿರಿಯರೊಬ್ಬರನ್ನು ಮಾತಾಡಿಸಿ. ಪ್ರತಿದಿನ ಊರು ಬದಲಿಸುತ್ತ ಮೈ, ಹೊಟ್ಟೆ, ಗಂಟಲು ಕಾಪಾಡಿಕೊಳ್ಳುವುದು ಹೇಗೆಂಬುದನ್ನು ನಿಮ್ಮ ಚಾರಣದ ವಿಡಿಯೋಗಳಿಗಿಂತ ಚೆನ್ನಾಗಿ ಹೇಳುತ್ತಾರೆ.

ಹೀಗೆ ಒಂದು ದಿನ ನಿಲ್ಲುವುದು ಬೇರೆ ಕಡೆಯ ನಡೆಯುವವರಿಗೆ ಹೊಸತಲ್ಲ. ಅಮೆರಿಕದ ಅಪಲೇಚಿಯನ್ ಹಾದಿ ಸುಮಾರು 3,500 ಕಿಲೋಮೀಟರ್. ವರ್ಜೀನಿಯಾದ ಡಮಾಸ್ಕಸ್ ಎಂಬ ಪುಟ್ಟ ಊರಿನಲ್ಲಿ ಅದು ಮುಖ್ಯ ಬೀದಿಯಲ್ಲೇ ಹಾದುಹೋಗುತ್ತದೆ. ಅಲ್ಲಿ ನಡೆಯುವವರು ಒಂದು ದಿನ ಸೊನ್ನೆ ಮೈಲಿ ನಡೆಯುತ್ತಾರೆ, ಬಟ್ಟೆ ಒಗೆಯುತ್ತಾರೆ, ಹೆಚ್ಚಾದ ಸಾಮಾನನ್ನು ಒಂದು ಪೆಟ್ಟಿಗೆಯಲ್ಲಿ ಹಿಂದೆ ಬರುವವರಿಗೆಂದು ಬಿಟ್ಟು ಹೋಗುತ್ತಾರೆ. ಇದನ್ನು ಕಲಿಯಲು ಅಷ್ಟು ದೂರ ಹೋಗಬೇಕೆಂದೇನಿಲ್ಲ. ನರ್ಮದಾ ಪರಿಕ್ರಮದವರಿಗೆ ದಡದ ಹಳ್ಳಿಗಳು ಸದಾವ್ರತವೆಂದು ಅಕ್ಕಿ, ಬೇಳೆ, ಹಿಟ್ಟು ಅಳೆದು ಕೊಡುತ್ತವೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವವರಿಗೆ ಚಾರ್ಮಾಡಿ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕಾದಿರುತ್ತದೆ. ದೇವರ ಹೆಸರಿಲ್ಲದೆ ನಡೆಯುವ ನಿಮಗೆ ಅಂಥ ಏರ್ಪಾಡು ಇನ್ನೂ ಹುಟ್ಟಿಲ್ಲ, ಒಪ್ಪುತ್ತೇನೆ. ಅರ್ಧ ಗಂಟೆ ನಿಂತು ಹೋಗುವವರಿಗಾಗಿ ಯಾವ ಊರೂ ಏರ್ಪಾಡು ಮಾಡುವುದಿಲ್ಲ. ನೀವು ನಿಂತರೆ ಒಗೆಯಲು ಕಲ್ಲು, ಒಣಗಿಸಲು ಹಗ್ಗ, ಗಂಜಿಗೆ ಇನ್ನೊಂದು ಸೇರು ಅಕ್ಕಿ ಎಲ್ಲವನ್ನೂ ಇಲ್ಲಿಯವರು ತಾವಾಗಿ ಜೋಡಿಸುತ್ತಾರೆ. ಖರ್ಚಿಗೆ ದುಡ್ಡು ಕೊಡಿ, ಸಂಕೋಚ ಬೇಡ, ನಮಗೂ ಸಂಕೋಚವಿಲ್ಲ.

ಹೊರಡುವ ಬೆಳಿಗ್ಗೆ ಐದೂವರೆಗೆ ಎದ್ದುಬಿಡಿ. ಹೆದ್ದಾರಿ ಸೇತುವೆ ಉದ್ದವಿದೆ, ಬಿಸಿಲು ಏರಿದ ಮೇಲೆ ಮೀನಿನ ಲಾರಿ, ಟ್ಯಾಂಕರುಗಳ ನಡುವೆ ಚೀಲ ಹೊತ್ತು ದಾಟುವುದು ಸುಖವಲ್ಲ. ಎದುರು ಬರುವ ವಾಹನ ಕಾಣುವ ಬದಿಯಲ್ಲೇ ಸಾಲಾಗಿ ನಡೆಯಿರಿ. ಹೊನ್ನಾವರದ ಪೇಟೆಯಲ್ಲಿ ಬನ್ಸು, ಕಷಾಯ ಮುಗಿಸಿ ರಾಮತೀರ್ಥದಲ್ಲಿ ಬಾಟಲಿ ತೊಳೆದುಕೊಂಡು ಕರ್ಕಿಯತ್ತ ಹೊರಟರೆ ಹೊತ್ತೇರುವ ಮುನ್ನ ಮತ್ತೆ ಮರಳು ಸಿಗುತ್ತದೆ. ಧಾರೇಶ್ವರದ ದಂಡೆಯಲ್ಲಿ ನೆರಳು ಕಡಿಮೆ, ಟೊಪ್ಪಿ ಮೇಲೆಯೇ ಇರಲಿ.

ಇತಿ,
ಕಾಸರಕೋಡಿನ ಒಬ್ಬ ನಿವಾಸಿ

ಮರೆತ ಮಾತು: ಸ್ಟವ್‌ಗೆ ತಿರುಗಿಸಿ ಹಾಕುವ ಸಣ್ಣ ಗ್ಯಾಸ್ ಡಬ್ಬಿ ಇಲ್ಲಿ ಸಿಗುತ್ತದೆಂದು ನಂಬಿಕೊಂಡು ಬರಬೇಡಿ. ರೈಲಿನಲ್ಲಿ ಅದನ್ನು ತರುವಂತಿಲ್ಲ, ಪಾರ್ಸೆಲ್ಲಿಗೂ ಹಾಕುವಂತಿಲ್ಲ. ಅದಕ್ಕೇ ಅವಲಕ್ಕಿ ಎಂದದ್ದು.